ಡ್ರುಪಲ್ ಸೈಟಲ್ಲಿ ಚೆದುರಿಹೋಗಿದ್ದ "ವಿಷಯ" ಫೀಲ್ಡ್‌ಗಳನ್ನ ಒಂದುಗೂಡಿಸಿದ ಕೆಲಸದ ಲಾಗ್

ಡ್ರುಪಲ್ ಅನ್ನೋ ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರಲ್ಲಿ ಮಾಡಿದ ಒಂದು ಸೈಟಿನ ಕೆಲಸ ಇದು, ಬಂದಿದ್ದು ಒಂದು ಸಣ್ಣ ರಿಕ್ವೆಸ್ಟ್ ರೂಪದಲ್ಲಿ. ಹುಡುಕೋ ಪೇಜಲ್ಲಿ ವಿಷಯದ ಪ್ರಕಾರ ಫಿಲ್ಟರ್ ಮಾಡೋಕೆ ಒಂದು ಡ್ರಾಪ್‌ಡೌನ್ ಬೇಕು, ಲೇಖನ, ಸುದ್ದಿ, ಕಾರ್ಯಕ್ರಮ, ಪ್ರಕಟಣೆ, ಕೋರ್ಸ್, ವಿಡಿಯೋ ಎಲ್ಲಾ ಒಟ್ಟಿಗೇ ಬರಬೇಕು. ಕೇಳೋಕೆ ಏನೂ ಇಲ್ಲ ಅನ್ಸುತ್ತೆ. ವ್ಯೂಸ್ (ಡ್ರುಪಲಲ್ಲಿ ಪಟ್ಟಿ ಪೇಜ್ ಕಟ್ಟೋ ಟೂಲ್) ಓಪನ್ ಮಾಡಿ ಫಿಲ್ಟರ್ ಸೇರಿಸೋಕೆ ಹೋದ್ರೆ "ವಿಷಯ" ಅನ್ನೋ ಲೇಬಲ್ಲಲ್ಲೇ ಬೇರೆ ಬೇರೆ ಫೀಲ್ಡ್‌ಗಳು (ಮಾಹಿತಿ ತುಂಬೋ ಜಾಗಗಳು) ಸಾಲಾಗಿ ನಿಂತಿವೆ, ಲೇಖನ, ಸುದ್ದಿ ಹೀಗೆ ಒಂದೊಂದು ಕಂಟೆಂಟ್ ಟೈಪಿಗೂ ಒಂದೊಂದು. ಎಲ್ಲವನ್ನೂ ಸೇರಿಸಿ ಮಧ್ಯೆ "ಅಥವಾ" ಹಾಕಿ ಓಡಿಸಬಹುದು, ಆದ್ರೆ ಪ್ರತಿ ಫೀಲ್ಡಿಗೂ ಅದರದ್ದೇ ಡೇಟಾಬೇಸ್ ಟೇಬಲ್ ಇರೋದ್ರಿಂದ ಅಷ್ಟೂ ಜಾಯಿನ್ (ಟೇಬಲ್ ಜೋಡಣೆ) ಆಗುತ್ತೆ, ಜೊತೆಗೆ ಬಳಕೆದಾರರಿಗೆ ಒಂದು ಡ್ರಾಪ್‌ಡೌನ್ ಬದಲು ನಾಲ್ಕೈದು ಕಾಣುತ್ತೆ. ಹಾಗಾಗಿ ಫಿಲ್ಟರ್ ಕೆಲಸ ಪಕ್ಕಕ್ಕಿಟ್ಟು ಬುಡದಿಂದಲೇ ಸರಿ ಮಾಡೋಣ ಅಂತ ಕೂತೆ.

ಸೈಟು ಈಗ ಡ್ರುಪಲ್ 10, ಮೊದಲು ಕಟ್ಟಿದ್ದು ಡ್ರುಪಲ್ 7ರಲ್ಲಿ. ಏಳರ ಸಪೋರ್ಟು 2025ರ ಜನವರಿಗೆ ಮುಗೀತಲ್ಲ, ಅದಕ್ಕೂ ಮುಂಚೆನೇ ಮೈಗ್ರೇಟ್ ಮಾಡಿದ್ರು, ಆದ್ರೆ ಮೈಗ್ರೇಶನ್ ಅಂದ್ರೆ ಇದ್ದದ್ದನ್ನ ಇದ್ದ ಹಾಗೇ ಹೊತ್ಕೊಂಡು ಬರೋದು, ಆ ಕಡೆ ಕಸ ಇದ್ರೆ ಈ ಕಡೆನೂ ಕಸ.

ಮೊದಲು ಮಾಡಿದ್ದು ಲೆಕ್ಕ. ರಿಪೋರ್ಟ್ಸ್ ಕೆಳಗೆ ಫೀಲ್ಡ್ ಲಿಸ್ಟ್ ಅಂತ ಒಂದು ಪೇಜ್ ಇರುತ್ತೆ, ಬಹಳ ಜನ ಅದನ್ನ ತೆಗೆದೇ ನೋಡಿರಲ್ಲ. ಯಾವ ಫೀಲ್ಡು, ಯಾವ ಟೈಪು, ಎಲ್ಲೆಲ್ಲಿ ಬಳಕೆಯಲ್ಲಿದೆ ಅಂತ ಪೂರ್ತಿ ಪಟ್ಟಿ ಅಲ್ಲಿ ಸಿಗುತ್ತೆ. ಅದನ್ನ ಒಂದು ಸ್ಪ್ರೆಡ್‌ಶೀಟಿಗೆ ಇಳಿಸ್ಕೊಂಡು ಪಕ್ಕದಲ್ಲಿ ಇನ್ನೆರಡು ಕಾಲಂ ಸೇರಿಸ್ದೆ: ಒಂದರಲ್ಲಿ ನಿಜವಾಗ್ಲೂ ಎಷ್ಟು ನೋಡ್‌ಗಳಲ್ಲಿ (ನೋಡ್ ಅಂದ್ರೆ ಸೈಟಿಗೆ ಹಾಕಿದ ಒಂದು ಲೇಖನ, ಒಂದು ಸುದ್ದಿ ಹೀಗೆ) ಆ ಫೀಲ್ಡ್ ತುಂಬಿದೆ ಅನ್ನೋದು, ಇನ್ನೊಂದರಲ್ಲಿ ಅದನ್ನ ಓದೋರು ಯಾರು ಅನ್ನೋದು, ಅಂದ್ರೆ ವ್ಯೂಸ್, ಟ್ವಿಗ್ ಟೆಂಪ್ಲೇಟು (ಪೇಜಿನ ರೂಪ ಬರೆದಿಡೋ ಫೈಲು), ಹೊರಗಿನ ಆ್ಯಪ್ ಯಾವುದಾದ್ರೂ. ತುಂಬಿರೋ ಸಂಖ್ಯೆ ಅಡ್ಮಿನ್ ಪೇಜಲ್ಲಿ ಕಾಣಲ್ಲ, ಆ ಫೀಲ್ಡಿನ ಟೇಬಲ್ಲಿಂದ ಬೇರೆ ಬೇರೆ ಎಂಟಿಟಿ ಐಡಿ (ನೋಡ್, ಮೀಡಿಯಾ, ಯೂಸರ್ ಎಲ್ಲಾ ಡ್ರುಪಲಿಗೆ ಎಂಟಿಟಿ) ಎಷ್ಟಿವೆ ಅಂತ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಎಣಿಸಬೇಕು. ಎಣಿಸಿ ನೋಡಿದ್ರೆ ಕೆಲವು ಫೀಲ್ಡ್‌ಗಳಲ್ಲಿ ಒಂದೇ ಒಂದು ಸಾಲೂ ಇಲ್ಲ, ಯಾರೋ ಯಾವತ್ತೋ ಟ್ರೈ ಮಾಡೋಕೆ ಮಾಡಿಟ್ಟು ಹೋಗಿದ್ದು. ಅವುಗಳ ಬಗ್ಗೆ ಯೋಚನೆನೇ ಬೇಡ, ನೇರ ಡಿಲೀಟ್ ಪಟ್ಟಿಗೆ.

ವಿಷಯ ಅನ್ನೋದು ಎಲ್ಲೆಲ್ಲಿ ಹೇಗಿತ್ತು ಅಂದ್ರೆ, ಲೇಖನದಲ್ಲೂ ಪ್ರಕಟಣೆಯಲ್ಲೂ ಟ್ಯಾಕ್ಸಾನಮಿ ರೆಫರೆನ್ಸು (ಮೊದಲೇ ಮಾಡಿಟ್ಟ ವರ್ಗದ ಪದಗಳ ಕಡೆ ಬೊಟ್ಟು ಮಾಡೋದು, ಒಂದೊಂದು ಪದ ಟರ್ಮು, ಅವುಗಳ ಪಟ್ಟಿ ವೊಕ್ಯಾಬುಲರಿ), ಎರಡೂ ಒಂದೇ ವೊಕ್ಯಾಬುಲರಿ ಕಡೆ ನೋಡ್ತಿದ್ವು, ಆದ್ರೂ ಎರಡು ಬೇರೆ ಫೀಲ್ಡು. ಸುದ್ದಿಯಲ್ಲಿ ಪಟ್ಟಿಯಿಂದ ಆರಿಸೋ ಲಿಸ್ಟ್ ಫೀಲ್ಡು, ಒಂದೇ ಆಯ್ಕೆ. ಕಾರ್ಯಕ್ರಮದಲ್ಲಿ ಬರೀ ಟೆಕ್ಸ್ಟ್ ಬಾಕ್ಸು, ಎಡಿಟರ್‌ಗಳು ಅಲ್ಪವಿರಾಮ ಹಾಕ್ಕೊಂಡು ಮನಸಿಗೆ ಬಂದಿದ್ದು ಟೈಪ್ ಮಾಡ್ತಿದ್ರು. ಕೋರ್ಸಲ್ಲಿ ರೆಫರೆನ್ಸೇ, ಆದ್ರೆ ಬೇರೆ ವೊಕ್ಯಾಬುಲರಿಗೆ. ವಿಡಿಯೋ ಅಂತೂ ನೋಡ್ ಅಲ್ಲವೇ ಅಲ್ಲ, ಮೀಡಿಯಾ ಅನ್ನೋ ಬೇರೆ ಎಂಟಿಟಿ.

ಇಲ್ಲಿ ಡ್ರುಪಲ್ ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಬೇಕು, ಮುಂದಿನ ಎಲ್ಲಾ ನಿರ್ಧಾರಗಳೂ ಅದರ ಮೇಲೇ ನಿಂತಿರೋದು. ನಾವು ಫೀಲ್ಡ್ ಅಂತ ಕರೆಯೋದು ನಿಜದಲ್ಲಿ ಎರಡು ಕಾನ್ಫಿಗ್ (ಸೆಟಿಂಗ್) ಫೈಲು. ಒಂದು ಫೀಲ್ಡ್ ಸ್ಟೋರೇಜ್, ಅದರಲ್ಲಿ ಮಶೀನ್ ನೇಮ್ (ಕೋಡ್ ಬಳಸೋ ಒಳಗಿನ ಹೆಸರು), ಡೇಟಾ ಟೈಪ್, ಎಷ್ಟು ವ್ಯಾಲ್ಯೂ ಹಿಡಿಸುತ್ತೆ ಅನ್ನೋ ಕಾರ್ಡಿನಾಲಿಟಿ, ಲಿಸ್ಟ್ ಆದ್ರೆ ಆಯ್ಕೆಗಳ ಪಟ್ಟಿ, ರೆಫರೆನ್ಸ್ ಆದ್ರೆ ಯಾವ ಎಂಟಿಟಿ ಟೈಪ್ ಕಡೆ ಅನ್ನೋದು. ಇನ್ನೊಂದು ಆ ಸ್ಟೋರೇಜನ್ನ ಒಂದು ಕಂಟೆಂಟ್ ಟೈಪಿಗೆ ಅಂಟಿಸಿದ ಇನ್‌ಸ್ಟನ್ಸು, ಅದರಲ್ಲಿ ಲೇಬಲ್, ಸಹಾಯದ ಸಾಲು, ಕಡ್ಡಾಯ ಹೌದೋ ಅಲ್ವೋ, ಡೀಫಾಲ್ಟ್ ವ್ಯಾಲ್ಯೂ, ಯಾವ ವೊಕ್ಯಾಬುಲರಿಯಿಂದ ಆರಿಸಬೇಕು ಅನ್ನೋದೆಲ್ಲ. "ಇರೋ ಫೀಲ್ಡ್ ಮತ್ತೆ ಬಳಸಿ" ಅನ್ನೋ ಬಟನ್ ಒತ್ತಿದಾಗ ಆಗೋದು ಇಷ್ಟೇ, ಅದೇ ಸ್ಟೋರೇಜಿಗೆ ಇನ್ನೊಂದು ಇನ್‌ಸ್ಟನ್ಸ್ ಹುಟ್ಟುತ್ತೆ, ಡೇಟಾ ಹೋಗಿ ಅದೇ ಟೇಬಲ್ಲಲ್ಲಿ ಕೂರುತ್ತೆ. ಹಾಗಾಗಿ ಲೇಬಲ್ ಬೇರೆ ಬೇಕು ಅನ್ನೋ ಕಾರಣಕ್ಕೆ ಹೊಸ ಫೀಲ್ಡ್ ಮಾಡೋದು ಬೇಕಾಗಿಲ್ಲ, ಒಂದೇ ಫೀಲ್ಡು ಲೇಖನದಲ್ಲಿ "ವಿಷಯ" ಅಂತಲೂ ಕೋರ್ಸಲ್ಲಿ "ಏನು ಕಲೀತೀರಿ" ಅಂತಲೂ ತೋರಬಹುದು. ಈ ಸೈಟಲ್ಲಿ ಇದ್ದ ನಕಲು ಫೀಲ್ಡ್‌ಗಳಲ್ಲಿ ಅರ್ಧಕ್ಕರ್ಧ ಈ ಒಂದು ತಿಳುವಳಿಕೆ ಇಲ್ಲದೇ ಹುಟ್ಟಿದ್ದು ಅಂತ ನನ್ನ ಅಂದಾಜು. ಒಂದು ಎಚ್ಚರಿಕೆ ಏನಂದ್ರೆ ಲೇಬಲ್ ಬೇರೆ ಬೇರೆ ಇದ್ರೆ ವ್ಯೂಸ್‌ನಲ್ಲಿ ಹೆಚ್ಚು ಕಡೆ ಬಳಸಿರೋ ಲೇಬಲ್ ಮುಂದೆ ಕಾಣುತ್ತೆ, ಉಳಿದವು "ಹೀಗೂ ಕರೀತಾರೆ" ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತೆ, ಹುಡುಕೋರು ಸ್ವಲ್ಪ ತಲೆ ಕೆರ್ಕೋಬೇಕಾಗುತ್ತೆ.

ಆದ್ರೆ ಸ್ಟೋರೇಜ್ ಒಂದು ಎಂಟಿಟಿ ಟೈಪಿನ ಒಳಗೆ ಮಾತ್ರ ಹಂಚ್ಕೋಬಹುದು. ಡ್ರುಪಲ್ 7ರಲ್ಲಿ ಒಂದೇ ಫೀಲ್ಡನ್ನ ನೋಡಿಗೂ ಯೂಸರಿಗೂ ಟರ್ಮಿಗೂ ಹಾಕಬಹುದಿತ್ತು, ಟೇಬಲ್ಲಲ್ಲೇ ಎಂಟಿಟಿ ಟೈಪ್ ಅಂತ ಒಂದು ಕಾಲಂ ಇರ್ತಿತ್ತು. ಎಂಟರಿಂದ ಅದು ಹೋಯ್ತು, ನೋಡಿಗೆ ಒಂದು ಟೇಬಲ್, ಮೀಡಿಯಾಗೆ ಇನ್ನೊಂದು. ಹಾಗಾಗಿ ವಿಡಿಯೋಗೆ ಅದೇ ಮಶೀನ್ ನೇಮಲ್ಲಿ ಇನ್ನೊಂದು ಸ್ಟೋರೇಜ್ ಮಾಡಿ ಎರಡನ್ನೂ ಅದೇ ವೊಕ್ಯಾಬುಲರಿಗೆ ತಿರುಗಿಸ್ದೆ. ಅಲ್ಲಿ ಮರುಬಳಕೆ ಆಗಿದ್ದು ಫೀಲ್ಡಲ್ಲ, ಟರ್ಮ್‌ಗಳು. ಸರ್ಚ್ ಎಪಿಐ ಅನ್ನೋ ಹುಡುಕಾಟದ ಮಾಡ್ಯೂಲಿನ ಇಂಡೆಕ್ಸಲ್ಲಿ ಎರಡನ್ನೂ ಒಂದೇ ಒಟ್ಟುಗೂಡಿಸಿದ ಫೀಲ್ಡಾಗಿ ಸೇರಿಸಿದ್ರಿಂದ ಹುಡುಕೋ ಪೇಜಿಗೆ ವ್ಯತ್ಯಾಸ ಗೊತ್ತಾಗಲ್ಲ.

ಈಗ ನಿಜವಾದ ತಲೆನೋವು, ಯಾವುದನ್ನ ಸೇರಿಸ್ಬೇಕು ಯಾವುದನ್ನ ಬಿಡಬೇಕು. ಮರುಬಳಕೆ ಅಂದ ತಕ್ಷಣ ಒಂದೇ ಥರ ಕಾಣೋದನ್ನೆಲ್ಲಾ ಸೇರಿಸೋ ಹುಮ್ಮಸ್ಸು ಬಂದುಬಿಡುತ್ತೆ. ನಾನು ಇಟ್ಕೊಂಡ ಪರೀಕ್ಷೆ ಒಂದೇ: ನಾಳೆ ಇದರಲ್ಲಿ ಏನೋ ಬದಲಾಯಿಸ್ಬೇಕಾದ್ರೆ ಇನ್ನೊಂದರಲ್ಲೂ ಅದೇ ಬದಲಾವಣೆ ಅದೇ ಹೊತ್ತಿಗೆ ಆಗ್ಬೇಕಾ? ಹೌದಾದ್ರೆ ಒಂದೇ ಫೀಲ್ಡು. ಇಲ್ಲ ಅಂದ್ರೆ ಎಷ್ಟೇ ಹೋಲಿಕೆ ಇದ್ರೂ ಬೇರೆ. ಈ ಪರೀಕ್ಷೆಯಲ್ಲಿ ಕೋರ್ಸಿನ "ವಿಷಯ" ಬಿದ್ದೇ ಹೋಯ್ತು. ಒಳಗೆ ಹೋಗಿ ಟರ್ಮ್‌ಗಳನ್ನ ನೋಡಿದ್ರೆ ಅದು ವಿಷಯವೇ ಅಲ್ಲ, ಆ ಕೋರ್ಸನ್ನ ನಡೆಸೋ ವಿಭಾಗ. ವಿಭಾಗದ ಹೆಸರು ಬದಲಾದ್ರೆ ಲೇಖನದ ವಿಷಯ ಯಾಕೆ ಬದಲಾಗ್ಬೇಕು? ರೆಫರೆನ್ಸ್ ಫೀಲ್ಡಲ್ಲಿ ವೊಕ್ಯಾಬುಲರಿ ಇನ್‌ಸ್ಟನ್ಸ್ ಮಟ್ಟದಲ್ಲೇ ಇರೋದ್ರಿಂದ ತಾಂತ್ರಿಕವಾಗಿ ಸೇರಿಸೋಕೆ ಏನೂ ಅಡ್ಡಿ ಇರ್ಲಿಲ್ಲ, ಅದೇ ಅಪಾಯ. ಸೇರಿಸಿದ್ರೆ ಒಂದೇ ಡ್ರಾಪ್‌ಡೌನಲ್ಲಿ "ಪರಿಸರ" ಪಕ್ಕ "ಸಂಜೆ ತರಗತಿ ವಿಭಾಗ" ಕೂತಿರೋದು. ಆ ಹಳೇ ಫೀಲ್ಡಿನ ಲೇಬಲ್ ಮಾತ್ರ "ವಿಭಾಗ" ಅಂತ ತಿದ್ದಿ ಹಾಗೇ ಬಿಟ್ಟೆ, ಕೋರ್ಸಿಗೆ ಹಂಚಿಕೆಯ ವಿಷಯ ಫೀಲ್ಡನ್ನ ಹೊಸದಾಗಿ ಸೇರಿಸ್ದೆ.

ದಿನಾಂಕದ ಕಥೆನೂ ಅದೇ. ಕಾರ್ಯಕ್ರಮದ ದಿನ, ಪ್ರಕಟಣೆಯ ದಿನ, ಕೋರ್ಸಿಗೆ ಅರ್ಜಿ ಹಾಕೋ ಕೊನೇ ದಿನ. ಮೂರೂ ದಿನಾಂಕ, ಒಂದೇ ಫೀಲ್ಡಿಗೆ ಹಾಕಿದ್ರೆ ದಿನಾಂಕದ ಪ್ರಕಾರ ಸಾರ್ಟ್ ಮಾಡೋದು ಸುಲಭ ಅಂತ ಟೀಮಲ್ಲಿ ಒಬ್ರು ವಾದ ಮಾಡಿದ್ರು. ನಾನು ಒಪ್ಪಲಿಲ್ಲ. ಕಾರ್ಯಕ್ರಮಕ್ಕೆ ಶುರು ಮತ್ತು ಮುಗಿಯೋದು ಎರಡೂ ಬೇಕು, ಅದು ಡೇಟ್ ರೇಂಜ್ ಅನ್ನೋ ಬೇರೆ ಟೈಪೇ, ಮತ್ತೆ ಕೊನೇ ದಿನ ಮುಗಿದ ಕೋರ್ಸನ್ನ ಲಿಸ್ಟಿಂದ ಮರೆಮಾಡಬೇಕು, ಹಳೇ ಪ್ರಕಟಣೆಯನ್ನ ಮರೆಮಾಡೋ ಹಾಗಿಲ್ಲ. ಅರ್ಥ ಬೇರೆ ಇದ್ದಾಗ ಒಂದೇ ಟೇಬಲ್ಲಲ್ಲಿಟ್ಟರೆ ಪ್ರತಿ ವ್ಯೂನಲ್ಲೂ "ಇದು ಕೋರ್ಸ್ ಆದ್ರೆ ಹೀಗೆ" ಅಂತ ಷರತ್ತು ಬರೀತಾ ಕೂರ್ಬೇಕು.

ಕಾರ್ಡಿನಾಲಿಟಿ ಇನ್ನೊಂದು ಗಂಟು. ಸುದ್ದಿ ಟೀಮಿಗೆ ಒಂದೇ ವಿಷಯ ಸಾಕು, ಲೇಖನಕ್ಕೆ ಹಲವು ಬೇಕು, ಆದ್ರೆ ಕಾರ್ಡಿನಾಲಿಟಿ ಸ್ಟೋರೇಜಲ್ಲಿರೋದು, ಎಲ್ಲರಿಗೂ ಒಂದೇ. ಮಿತಿ ಇಲ್ಲದ ಹಾಗೆ ಇಟ್ಟು, ಬಂಡಲ್ ಫೀಲ್ಡ್ ಇನ್ಫೋ ಆಲ್ಟರ್ ಹುಕ್ಕಲ್ಲಿ (ಹುಕ್ ಅಂದ್ರೆ ಡ್ರುಪಲ್ ತಾನೇ ಕರೆಯೋ ನಮ್ಮ ಫಂಕ್ಷನ್, ಬಂಡಲ್ ಅಂದ್ರೆ ಸುದ್ದಿ, ಲೇಖನದಂಥ ಒಂದು ಟೈಪು) ಸುದ್ದಿಗೆ ಮಾತ್ರ "ಗರಿಷ್ಠ ಒಂದು" ಅನ್ನೋ ವ್ಯಾಲಿಡೇಶನ್ ಕನ್‌ಸ್ಟ್ರೇಂಟ್ ಸೇರಿಸ್ದೆ. ಫಾರ್ಮಲ್ಲಿ ಬಹು ಆಯ್ಕೆಯ ಬಾಕ್ಸೇ ಕಾಣುತ್ತೆ, ಎರಡು ಆರಿಸಿ ಸೇವ್ ಒತ್ತಿದ್ರೆ ಎರರ್ ಬರುತ್ತೆ. ಚೆಂದ ಇಲ್ಲ, ಆದ್ರೆ ಸಾಕು. ಹಂಚಿಕೆ ಫೀಲ್ಡಿಗೆ ಯಾವಾಗ್ಲೂ ಸಡಿಲವಾದ ಸೆಟಿಂಗ್ ಸ್ಟೋರೇಜಲ್ಲಿಟ್ಟು ಬಿಗಿ ಮಾಡೋದನ್ನ ಬಂಡಲ್ಲಲ್ಲಿ ಮಾಡೋದೇ ಸರಿ, ಉಲ್ಟಾ ಮಾಡೋಕೆ ಆಗಲ್ಲ.

ಹೆಸರು. ಹಳೇ ಮಶೀನ್ ನೇಮ್‌ಗಳಲ್ಲೆಲ್ಲಾ ಕಂಟೆಂಟ್ ಟೈಪಿನ ಹೆಸರು ಸೇರ್ಕೊಂಡಿತ್ತು, ಫೀಲ್ಡ್ ಆರ್ಟಿಕಲ್ ಟಾಪಿಕ್, ಫೀಲ್ಡ್ ಪಬ್ ಟಾಪಿಕ್ ಹೀಗೆ. ಆರ್ಟಿಕಲ್ ಅಂತ ಹೆಸರಿಟ್ಟ ಮೇಲೆ ಅದನ್ನ ಸುದ್ದಿಗೆ ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ, ಹೊಸದೇ ಮಾಡ್ತಾರೆ. ಒಮ್ಮೆ ಸೇವ್ ಆದ ಮೇಲೆ ಮಶೀನ್ ನೇಮ್ ಬದಲಾಯಿಸೋಕೂ ಆಗಲ್ಲ. ಮುಂದೆ ಬರೋ ಫೀಲ್ಡ್ ಅನ್ನೋ ಪದ ಸೇರಿ ಒಟ್ಟು 32 ಅಕ್ಷರಕ್ಕೆ ಮುಗೀಬೇಕು, ಅಂದ್ರೆ ನಮ್ಮ ಕೈಗೆ ಸಿಗೋದು 26. ಹೊಸದಕ್ಕೆ ಬರೀ ಫೀಲ್ಡ್ ಟಾಪಿಕ್ ಅಂತ ಇಟ್ಟೆ, ಅಷ್ಟೇ.

ಆಮೇಲೆ ಡೇಟಾ ಸಾಗಿಸೋ ಕೆಲಸ, ಹೆಚ್ಚು ಹೊತ್ತು ತಿಂದಿದ್ದು ಇದೇ. ಡೇಟಾ ಇರೋ ಫೀಲ್ಡಿನ ಟೈಪ್ ಬದಲಾಯಿಸೋಕೆ ಡ್ರುಪಲ್ ಬಿಡಲ್ಲ, ಟೆಕ್ಸ್ಟನ್ನ ರೆಫರೆನ್ಸ್ ಮಾಡು ಅಂದ್ರೆ ಆಗಲ್ಲ, ಹೊಸ ಫೀಲ್ಡ್ ಮಾಡಿ, ಕಾಪಿ ಮಾಡಿ, ಹಳೇದನ್ನ ತೆಗೀಬೇಕು. ಇದನ್ನ ಎರಡು ಬೇರೆ ರಿಲೀಸಲ್ಲಿ ಮಾಡ್ಬೇಕು ಅನ್ನೋದು ಮುಖ್ಯ. ಡ್ರಶ್ (ಡ್ರುಪಲಿನ ಕಮಾಂಡ್ ಲೈನ್ ಟೂಲ್) ಡಿಪ್ಲಾಯ್ ಓಡಿಸಿದಾಗ ಮೊದಲು ಡೇಟಾಬೇಸ್ ಅಪ್‌ಡೇಟ್‌ಗಳು, ಆಮೇಲೆ ಕಾನ್ಫಿಗ್ ಇಂಪೋರ್ಟ್, ಕೊನೆಗೆ ಡಿಪ್ಲಾಯ್ ಹುಕ್‌ಗಳು ಓಡ್ತವೆ. ಹೊಸ ಫೀಲ್ಡ್ ಹುಟ್ಟೋದು ಕಾನ್ಫಿಗ್ ಇಂಪೋರ್ಟಲ್ಲಿ, ಹಾಗಾಗಿ ಕಾಪಿ ಮಾಡೋ ಕೋಡ್ ಅದರ ನಂತರದ ಡಿಪ್ಲಾಯ್ ಹುಕ್ಕಲ್ಲೇ ಇರಬೇಕು. ಹಳೇ ಫೀಲ್ಡಿನ ಡಿಲೀಟನ್ನೂ ಅದೇ ರಿಲೀಸಿಗೆ ಹಾಕಿದ್ರೆ ಹುಕ್ ಓಡೋ ಹೊತ್ತಿಗೆ ಕಾಪಿ ಮಾಡೋಕೆ ಆ ಹೆಸರಿನ ಟೇಬಲ್ಲೇ ಇರಲ್ಲ. ಮೊದಲ ರಿಲೀಸಲ್ಲಿ ಹೊಸ ಫೀಲ್ಡ್ ಸೇರಿಸಿ, ಹಳೇದನ್ನ ಫಾರ್ಮ್ ಡಿಸ್‌ಪ್ಲೇಯಿಂದ ಮಾತ್ರ ಮರೆಮಾಡಿ, ಡೇಟಾ ಕಾಪಿ. ಎಲ್ಲಾ ಸರಿ ಇದೆ ಅಂತ ಎಡಿಟರ್‌ಗಳು ಒಪ್ಪಿದ ಮೇಲೆ ಎರಡನೇ ರಿಲೀಸಲ್ಲಿ ಡಿಲೀಟ್.

ನೋಡ್ ಲೋಡ್ ಮಾಡಿ, ವ್ಯಾಲ್ಯೂ ಹಾಕಿ, ಸೇವ್ ಮಾಡೋದು ಎಲ್ಲರೂ ಹೇಳೋ ದಾರಿ. ನಾನು ಬೇಡ ಅಂದ್ಕೊಂಡೆ. ಸೇವ್ ಆದ್ರೆ ಕೊನೇ ಬದಲಾವಣೆಯ ಟೈಮ್‌ಸ್ಟ್ಯಾಂಪ್ ಇವತ್ತಿಗೆ ಬಂದುಬಿಡುತ್ತೆ, "ಇತ್ತೀಚೆಗೆ ಬದಲಾದದ್ದು" ಅನ್ನೋ ಬ್ಲಾಕಲ್ಲಿ ಎಂಟು ವರ್ಷದ ಹಿಂದಿನ ಸುದ್ದಿಯೆಲ್ಲಾ ಮೇಲೆದ್ದು ಕೂರುತ್ತೆ, ಸೇವಿಗೆ ತಗುಲಿರೋ ಬೇರೆ ಹುಕ್‌ಗಳೂ ಎದ್ದು ಮೇಲ್ ಕಳಿಸೋಕೆ ಶುರು ಮಾಡ್ಬಹುದು. ಅದಕ್ಕಿಂತ ದೊಡ್ಡ ತೊಂದರೆ ಹಳೇ ರಿವಿಜನ್‌ಗಳದ್ದು, ಅಂದ್ರೆ ಉಳಿಸಿಟ್ಟಿರೋ ಹಿಂದಿನ ವರ್ಶನ್‌ಗಳದ್ದು. ಈಗಿನ ವರ್ಶನ್ ಮಾತ್ರ ಸೇವ್ ಮಾಡಿದ್ರೆ ನಾಳೆ ಯಾರಾದ್ರೂ ಹಳೇ ರಿವಿಜನಿಗೆ ರಿವರ್ಟ್ ಮಾಡಿದಾಗ ವಿಷಯ ಖಾಲಿ ಬರುತ್ತೆ. ಹಾಗಾಗಿ ನೇರ ಎಸ್‌ಕ್ಯೂಎಲ್. ಪ್ರತಿ ಫೀಲ್ಡಿಗೂ ಎರಡು ಟೇಬಲ್ ಇರುತ್ತೆ, ಈಗಿನದಕ್ಕೆ ಒಂದು ರಿವಿಜನಿಗೆ ಒಂದು, ಎರಡರಲ್ಲೂ ಬಂಡಲ್, ಡಿಲೀಟೆಡ್, ಎಂಟಿಟಿ ಐಡಿ, ರಿವಿಜನ್ ಐಡಿ, ಭಾಷೆ, ಡೆಲ್ಟಾ (ಹಲವು ವ್ಯಾಲ್ಯೂ ಇದ್ದಾಗ ಅವುಗಳ ಕ್ರಮಸಂಖ್ಯೆ), ಆಮೇಲೆ ವ್ಯಾಲ್ಯೂ ಕಾಲಂ. ಲೇಖನ, ಪ್ರಕಟಣೆಗೆ ಟರ್ಮ್ ಐಡಿ ಅದೇ ಇರೋದ್ರಿಂದ ಹಳೇ ಟೇಬಲ್ಲಿಂದ ಸೆಲೆಕ್ಟ್ ಮಾಡಿ ಹೊಸ ಟೇಬಲ್ಲಿಗೆ ಇನ್ಸರ್ಟ್, ಎರಡೆರಡು ಸಾಲಲ್ಲಿ ಮುಗೀತು. ಸುದ್ದಿಗೆ ಹಳೇ ಕೀಯಿಂದ ಟರ್ಮಿಗೆ ಒಂದು ಮ್ಯಾಪಿಂಗ್ ಬೇಕಿತ್ತು. ಅದರಲ್ಲಿ ಟರ್ಮ್ ಐಡಿ ಬರೆಯೋ ಹಾಗಿಲ್ಲ, ಯಾಕಂದ್ರೆ ಟರ್ಮ್‌ಗಳು ಕಾನ್ಫಿಗ್ ಅಲ್ಲ ಕಂಟೆಂಟು, ನನ್ನ ಲೋಕಲ್ ಮಶೀನಲ್ಲಿ ಹೊಸದಾಗಿ ಮಾಡಿದ ಟರ್ಮಿನ ಐಡಿ ಲೈವ್ ಸೈಟಲ್ಲಿ ಇನ್ನೇನೋ ಆಗಿರುತ್ತೆ. ಮ್ಯಾಪಿಂಗಲ್ಲಿ ಹೆಸರು ಇಟ್ಟು ಹುಕ್ ಓಡೋ ಹೊತ್ತಿಗೆ ಐಡಿ ಹುಡುಕೋ ಹಾಗೆ ಮಾಡ್ದೆ, ಟರ್ಮ್ ಇಲ್ಲ ಅಂದ್ರೆ ಅಲ್ಲೇ ಹುಟ್ಟಿಸುತ್ತೆ.

ಕಾರ್ಯಕ್ರಮದ ಟೆಕ್ಸ್ಟ್ ಬಾಕ್ಸ್ ಮಾತ್ರ ಸಾಕುಸಾಕು ಮಾಡ್ತು. ಅಲ್ಪವಿರಾಮದಲ್ಲಿ ಒಡೆದು, ಆಚೀಚೆ ಸ್ಪೇಸ್ ತೆಗೆದು ಹೋಲಿಸಿದ್ರೂ ಕಣ್ಣಿಗೆ ಒಂದೇ ಥರ ಕಾಣೋ ಪದಗಳು ಮ್ಯಾಚ್ ಆಗ್ತಿಲ್ಲ. ಬೈಟ್ ಬಿಚ್ಚಿ ನೋಡಿದ್ರೆ ಎರಡು ಕಾರಣ. ಒಂದು, ಕನ್ನಡದ ಓತ್ವ, ಏತ್ವ, ದೀರ್ಘ ಇಕಾರದಂಥ ಸ್ವರಚಿಹ್ನೆಗಳನ್ನ ಯೂನಿಕೋಡಲ್ಲಿ ಒಂದೇ ಕೋಡಾಗಿಯೂ ಇಡಬಹುದು, ತುಂಡು ತುಂಡಾಗಿ ಎರಡು ಮೂರು ಕೋಡಾಗಿಯೂ ಇಡಬಹುದು, ತೆರೆ ಮೇಲೆ ವ್ಯತ್ಯಾಸ ಇಲ್ಲ. ಇದಕ್ಕೆ ಪಿಎಚ್‌ಪಿಯ ಇಂಟಲ್ ಎಕ್ಸ್‌ಟೆನ್ಶನ್ನಲ್ಲಿರೋ ನಾರ್ಮಲೈಜರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ಎಲ್ಲವನ್ನೂ ಒಂದೇ ಕೋಡಿನ ರೂಪಕ್ಕೆ ತಂದ್ರೆ ಸಾಕು. ಎರಡನೇದು ಹಠಮಾರಿ, "ಸಾಫ್ಟ್‌ವೇರ್" ಥರದ ಪದಗಳ ಮಧ್ಯೆ ಕೂರೋ ಜೀರೋ ವಿಡ್ತ್ ನಾನ್ ಜಾಯ್ನರ್, ಒತ್ತಕ್ಷರ ಆಗದ ಹಾಗೆ ತಡೆಯೋ ಕಣ್ಣಿಗೆ ಕಾಣದ ಕೋಡು. ಒಬ್ಬರು ಹಾಕ್ತಾರೆ, ಇನ್ನೊಬ್ಬರು ಹಾಕಲ್ಲ, ಒಂದೊಂದು ಸಲ ಪದದ ಕೊನೆಗೂ ಒಂದು ಬಾಲ ಅಂಟ್ಕೊಂಡಿರುತ್ತೆ, ಎನ್‌ಎಫ್‌ಸಿ ಅದನ್ನ ಮುಟ್ಟಲ್ಲ. ಹೋಲಿಸೋ ಕೀಯಿಂದ ಮಾತ್ರ ಅದನ್ನೂ ಅದರ ಅಣ್ಣ ಜಾಯ್ನರನ್ನೂ ಕಿತ್ತು ಹಾಕ್ದೆ, ಟರ್ಮಿನ ತೋರಿಸೋ ಹೆಸರಲ್ಲಿ ಹಾಗೇ ಬಿಟ್ಟೆ, ಅಲ್ಲಿ ಕಿತ್ತರೆ ಒತ್ತಕ್ಷರ ಆಗಿ ಓದೋಕೆ ಕಷ್ಟ. ಇಷ್ಟಾದ್ರೂ ಉಳಿದ ಪದಗಳನ್ನ ಸಿಎಸ್‌ವಿ (ಸ್ಪ್ರೆಡ್‌ಶೀಟಲ್ಲಿ ತೆರೆಯೋ ಪಟ್ಟಿ ಫೈಲು) ಮಾಡಿ ಎಡಿಟರ್‌ಗಳಿಗೆ ಕೊಟ್ಟೆ, "ಇತರೆ", "ವಿವಿಧ", "ಮೇಲಿನಂತೆ" ಅಂತೆಲ್ಲಾ ಬರೆದಿದ್ದನ್ನ ಯಾವ ಸ್ಕ್ರಿಪ್ಟ್ ತಾನೇ ಅರ್ಥ ಮಾಡ್ಕೊಳ್ಳುತ್ತೆ. ಒಂದೇ ನೋಡಲ್ಲಿ ಒಂದೇ ಟರ್ಮ್ ಎರಡು ಸಲ ಬಂದಿದ್ರೆ ಒಂದನ್ನ ಬಿಟ್ಟು ಡೆಲ್ಟಾವನ್ನ ಸೊನ್ನೆಯಿಂದ ಮತ್ತೆ ಎಣಿಸ್ಬೇಕು, ಇದನ್ನ ಸ್ಕ್ರಿಪ್ಟಲ್ಲೇ ಸೇರಿಸಿದ್ದೆ.

ನೇರ ಎಸ್‌ಕ್ಯೂಎಲ್‌ಗೆ ಒಂದು ಬೆಲೆ ಇದೆ, ಸೇವ್ ಹೊತ್ತಲ್ಲಿ ಡ್ರುಪಲ್ ತಾನೇ ಮಾಡ್ತಿದ್ದ ಕೆಲಸ ನಾವು ಮಾಡ್ಬೇಕು. ಟ್ಯಾಕ್ಸಾನಮಿ ಇಂಡೆಕ್ಸ್ ಅಂತ ಬೇರೆ ಒಂದು ಟೇಬಲ್ ಇದೆ, ಪ್ರಕಟವಾದ ನೋಡ್ ಯಾವ ಟರ್ಮಲ್ಲಿದೆ ಅನ್ನೋದನ್ನ ಅದರಲ್ಲಿ ಇಟ್ಕೊಂಡಿರುತ್ತೆ, ಟರ್ಮ್ ಪೇಜಿನ ಲಿಸ್ಟಿಂಗ್ ಓದೋದು ಫೀಲ್ಡ್ ಟೇಬಲ್ಲನ್ನಲ್ಲ, ಇದನ್ನ. ಇದನ್ನ ತುಂಬದಿದ್ರೆ ಸುದ್ದಿ, ಕಾರ್ಯಕ್ರಮದ ಪೇಜಲ್ಲಿ ವಿಷಯ ಕಾಣುತ್ತೆ, ವಿಷಯದ ಮೇಲೆ ಕ್ಲಿಕ್ ಮಾಡಿದ್ರೆ ಆ ಪುಟದಲ್ಲಿ ಅವು ಇರಲ್ಲ. ಹಾಗಾಗಿ ಕಾಪಿ ಮುಗಿದ ಮೇಲೆ ಕ್ಯಾಶ್ (ಬೇಗ ಓದೋಕೆ ಇಟ್ಕೊಂಡಿರೋ ನಕಲು) ರೀಬಿಲ್ಡ್ ಮಾಡಿ, ಸಣ್ಣ ಸಣ್ಣ ಬ್ಯಾಚಲ್ಲಿ ನೋಡ್‌ಗಳನ್ನ ಲೋಡ್ ಮಾಡಿ ಟ್ಯಾಕ್ಸಾನಮಿ ಮಾಡ್ಯೂಲಿನ ಇಂಡೆಕ್ಸ್ ಅಳಿಸೋ ಫಂಕ್ಷನ್ ಮತ್ತು ಕಟ್ಟೋ ಫಂಕ್ಷನ್ ಎರಡನ್ನೂ ಕರೆದೆ, ಸೇವ್ ಮಾಡ್ದೇ. ಕ್ಯಾಶ್ ಮೊದಲು ಯಾಕೆ ಅಂದ್ರೆ ಎಂಟಿಟಿ ಕ್ಯಾಶಲ್ಲಿ ಹಳೇ ನೋಡ್ ಕೂತಿದ್ರೆ ಹೊಸ ಫೀಲ್ಡ್ ಖಾಲಿ ಅಂತಲೇ ಓದುತ್ತೆ. ಕೊನೆಗೆ ಸರ್ಚ್ ಇಂಡೆಕ್ಸ್ ಪೂರ್ತಿ ಮತ್ತೆ ಕಟ್ಟೋಕೆ ಬಿಟ್ಟೆ.

ಹೊಂದಾಣಿಕೆ ನೋಡಿದ್ದು ಸಂಖ್ಯೆಯಲ್ಲಿ: ಪ್ರತಿ ಬಂಡಲಿಗೂ ಹಳೇ ಟೇಬಲ್ಲಲ್ಲಿದ್ದ ಎಂಟಿಟಿಗಳು, ಹೊಸ ಟೇಬಲ್ಲಲ್ಲಿರೋದು, ಎರಡರ ನಡುವಿನ ವ್ಯತ್ಯಾಸ ಎಡಿಟರ್‌ಗಳಿಗೆ ಕೊಟ್ಟ ಸಿಎಸ್‌ವಿಯಲ್ಲಿ ಒಂದೂ ವಿಷಯ ಹೊಂದದ ಕಾರ್ಯಕ್ರಮಗಳಿಗೆ ಸರಿಯಾಗಿ ತಾಳೆ ಆಗ್ಬೇಕು. ಆಯ್ತು.

ಹೊರಗಿನ ಮೊಬೈಲ್ ಆ್ಯಪ್ ಒಂದು ಜೆಸಾನ್ ಎಪಿಐ (ಹೊರಗಿನ ಆ್ಯಪ್‌ಗಳಿಗೆ ಡೇಟಾ ಕೊಡೋ ದಾರಿ) ಮೂಲಕ ಹಳೇ ಫೀಲ್ಡ್ ಹೆಸರಲ್ಲೇ ಲೇಖನ ಓದ್ತಿತ್ತು. ಆ್ಯಪ್ ಅಪ್‌ಡೇಟ್ ಆಗೋವರೆಗೂ ಕಾಯೋ ಬದಲು ಜೆಸಾನ್ ಎಪಿಐ ಎಕ್ಸ್‌ಟ್ರಾಸ್ ಮಾಡ್ಯೂಲಲ್ಲಿ ಲೇಖನದ ಹಳೇ ಫೀಲ್ಡ್ ಆಫ್ ಮಾಡಿ ಹೊಸದಕ್ಕೆ ಹಳೇ ಹೆಸರನ್ನೇ ಅಲಿಯಾಸ್ ಕೊಟ್ಟೆ. ಟ್ವಿಗ್ ಟೆಂಪ್ಲೇಟ್‌ಗಳಲ್ಲಿ ಹಳೇ ಹೆಸರನ್ನ ಗ್ರೆಪ್ ಕಮಾಂಡಲ್ಲಿ ಹುಡುಕಿ ಬದಲಾಯಿಸೋದು ಬೇಸರದ ಕೆಲಸ, ಹೇಳೋಕೆ ಏನೂ ಇಲ್ಲ.

ಎರಡನೇ ರಿಲೀಸಿಗೆ ಮುಂಚೆ ಲೋಕಲ್ಲಲ್ಲಿ ಹಳೇ ಫೀಲ್ಡ್ ಡಿಲೀಟ್ ಒತ್ತಿದಾಗ ಬರೋ ಕನ್ಫರ್ಮ್ ಪೇಜನ್ನ ದಯವಿಟ್ಟು ಓದಿ. ಈ ಫೀಲ್ಡ್ ಹೋದ್ರೆ ಯಾವ ಕಾನ್ಫಿಗ್ ಬದಲಾಗುತ್ತೆ, ಯಾವುದು ಜೊತೆಗೇ ಅಳಿಸಿ ಹೋಗುತ್ತೆ ಅಂತ ಅಲ್ಲೇ ಪಟ್ಟಿ ಕೊಟ್ಟಿರುತ್ತೆ. ನನಗೆ ಅಲ್ಲಿ ಒಂದು ವ್ಯೂ ಹೆಸರು ಕಾಣಿಸ್ತು, ನನ್ನ ಸ್ಪ್ರೆಡ್‌ಶೀಟಲ್ಲಿ ಇಲ್ಲದ್ದು, ಮುಖಪುಟದ ಮೂಲೆಯ ಬ್ಲಾಕಿಗೆ ಬಳಕೆಯಲ್ಲಿತ್ತು. ಅದನ್ನ ಹೊಸ ಫೀಲ್ಡಿಗೆ ತಿರುಗಿಸಿ ಆಮೇಲೆ ಡಿಲೀಟ್ ಮಾಡಿ ಕಾನ್ಫಿಗ್ ಎಕ್ಸ್‌ಪೋರ್ಟ್ ತೆಗೆದೆ. ಡಿಲೀಟ್ ಆದ ತಕ್ಷಣ ಡೇಟಾ ಹೋಗಲ್ಲ, ಟೇಬಲ್ ಹೆಸರು "ಫೀಲ್ಡ್ ಡಿಲೀಟೆಡ್ ಡೇಟಾ" ಅಂತ ಶುರುವಾಗೋ ಹೆಸರಿಗೆ ಬದಲಾಗಿ, ಕ್ರಾನ್ (ಆಗಾಗ ತಾನಾಗೇ ಓಡೋ ಕೆಲಸ) ಓಡಿದಾಗಲೆಲ್ಲಾ ಡೀಫಾಲ್ಟಾಗಿ 50ರ ಬ್ಯಾಚಲ್ಲಿ ನಿಧಾನಕ್ಕೆ ಖಾಲಿಯಾಗುತ್ತೆ. ಅದು ಮುಗಿಯೋವರೆಗೂ ಆ ಫೀಲ್ಡ್ ಟೈಪ್ ಕೊಡೋ ಮಾಡ್ಯೂಲನ್ನ ಅನ್‌ಇನ್‌ಸ್ಟಾಲ್ ಮಾಡೋಕೂ ಬಿಡಲ್ಲ. ಕಾಯೋಕೆ ಪುರುಸೊತ್ತಿಲ್ಲದಿದ್ರೆ ಡ್ರಶ್‌ನಿಂದ ಪರ್ಜ್ ಬ್ಯಾಚ್ ಅನ್ನೋ ಅಳಿಸೋ ಫಂಕ್ಷನ್ನನ್ನ ದೊಡ್ಡ ಸಂಖ್ಯೆ ಕೊಟ್ಟು ಕರೀಬಹುದು.

ಇದೆಲ್ಲಾ ಆದ ಮೇಲೆ ಲೈವ್ ಸೈಟಲ್ಲಿ ಅಡ್ಮಿನ್ ಬಿಟ್ಟು ಬೇರೆ ರೋಲ್‌ಗಳಿಂದ ನೋಡ್ ಫೀಲ್ಡ್‌ಗಳನ್ನ ಮ್ಯಾನೇಜ್ ಮಾಡೋ ಪರ್ಮಿಶನ್ ತೆಗೆದೆ, ಕಾನ್ಫಿಗ್ ರೀಡ್ ಓನ್ಲಿ ಮಾಡ್ಯೂಲೂ ಹಾಕಿದೆ, ಹೊಸ ಫೀಲ್ಡ್ ಬೇಕಾದ್ರೆ ಇನ್ನು ಕೋಡ್ ಬದಲಾವಣೆ ದಾಖಲಿಸೋ ಗಿಟ್ ಮೂಲಕವೇ ಬರಬೇಕು, ಅಲ್ಲಿ ಯಾರಾದ್ರೂ ಒಬ್ಬರು "ಇದು ಆಗ್ಲೇ ಇದೆಯಲ್ಲ" ಅಂತ ಕೇಳೇ ಕೇಳ್ತಾರೆ. ಹುಡುಕೋ ಪೇಜಿನ ಡ್ರಾಪ್‌ಡೌನ್ ಹಾಕೋಕೆ ಕೊನೆಗೆ ಹಿಡಿದಿದ್ದು ಕಾಫಿ ಆರೋಷ್ಟು ಹೊತ್ತು. ಲೇಖಕರ ಹೆಸರಿನ ಫೀಲ್ಡ್‌ಗಳು ಇನ್ನೂ ಮೂರು ಕಡೆ ಬರೀ ಟೆಕ್ಸ್ಟಾಗೇ ಇವೆ, ಅವನ್ನ ವ್ಯಕ್ತಿ ಅನ್ನೋ ಕಂಟೆಂಟ್ ಟೈಪಿಗೆ ರೆಫರೆನ್ಸ್ ಮಾಡ್ಬೇಕು, ಒಬ್ಬರೇ ಲೇಖಕರು ಇನಿಶಿಯಲ್ ಮುಂದೆ ಹಿಂದೆ ಮಾಡಿ ಬೇರೆ ಬೇರೆ ರೂಪದಲ್ಲಿ ಸಿಗ್ತಿದ್ದಾರೆ, ಅದರ ಸಿಎಸ್‌ವಿ ಈಗ ಎಡಿಟರ್‌ಗಳ ಹತ್ರ ಇದೆ.